ಹೈವೇ, ಹೆದ್ದಾರಿ, ರಾಜಮಾರ್ಗ

ನಂಜನಗೂಡು ತಾಲ್ಲೂಕಿನಲ್ಲಿ ಹದಿನಾರು ಎಂಬ ಒಂದು ಊರಿದೆ. ಹೊಸದಾಗಿ ಆ ಹೆಸರನ್ನು ಕೇಳಿದವರು, ಹಾಗಾದರೆ ಹದಿನೈದು ಎಲ್ಲಿದೆ ಎಂದು ನಗುವುದುಂಟು. ಊರಿನವರು ಈ ನಗೆಚಾಟಿಕೆಯನ್ನು ಕೇಳಿ ಕೇಳಿ ಬೇಸತ್ತಿದ್ದರೆ ಆಶ್ಚರ್ಯವಿಲ್ಲ. ಏಕೆಂದರೆ ಆ ಹೆಸರಿಗೂ ಎಣಿಕೆಯ ಹದಿನಾರಕ್ಕೂ ಸಂಬಂಧವಿಲ್ಲ. ಅದು ಹಿಂದೆ ಹದಿನಾಡು; ಒಂದು ಚಿಕ್ಕ ಪಾಳೆಯಪಟ್ಟಿನ ಹೆಸರು. ಮೈಸೂರು ಅರಸರ ವಂಶಾವಳಿಯ ಕಥೆ ಇಲ್ಲಿಂದಲೇ ಮೊದಲಾಗುತ್ತದೆ. ದ್ವಾರಕೆಯ ಕಡೆಯಿಂದ ಯದುರಾಯ, ಕೃಷ್ಣರಾಯ ಎಂಬ ಅಣ್ಣತಮ್ಮಂದಿರು ಯಾತ್ರಿಕರಾಗಿ ದಕ್ಷಿಣಕ್ಕೆ ಬಂದರಂತೆ; ದಿಕ್ಕಿಲ್ಲದ ಹದಿನಾಡಿನ ಅರಸು ಮನೆತನವನ್ನು ಕಾರುಗಹಳ್ಳಿಯ ಮಾರನಾಯಕನ ಕಾಟದಿಂದ ಬಿಡಿಸಿದರಂತೆ; ಯದುರಾಯನು ಆ ಮನೆತನದ ಹೆಣ್ಣನ್ನು ಕೈಹಿಡಿದು 1399ರಲ್ಲಿ ಪಟ್ಟಕ್ಕೆ ಬಂದನಂತೆ. ಕಥೆಯಲ್ಲಿ ಎಷ್ಟು ಚರಿತ್ರೆ, ಎಷ್ಟು ಬಣ್ಣ ಎಂಬುದನ್ನು ವಿದ್ವಾಂಸರಿಗೆ ಬಿಡೋಣ. ನಮಗೆ ಈಗ ಬೇಕಾದದ್ದು ಇಷ್ಟು: ನಾಡು ಎಂಬ ಮಾತು ಜನರ ಬಾಯಲ್ಲಿ ಸವೆದು ಆರು ಆಯಿತು, ಆಮೇಲೆ ಬಂದವರು ಅದನ್ನು ಲೆಕ್ಕದ ಪುಸ್ತಕದಲ್ಲಿ ಹುಡುಕತೊಡಗಿದರು.

ಮಾತುಗಳ ವಿಷಯದಲ್ಲಿ ಇಂತಹ ಮೋಸ ಪದೇ ಪದೇ ಆಗುತ್ತದೆ. ನಾವು ದಿನಕ್ಕೆ ಹತ್ತು ಸಲ ಆಡುವ, ಬಾನುಲಿಯ ವಾರ್ತೆಯಲ್ಲಿ ನಿತ್ಯವೂ ಕೇಳುವ ಇನ್ನೊಂದು ಮಾತನ್ನು ಇವತ್ತು ನಿಮ್ಮ ಮುಂದಿಡುತ್ತೇನೆ. ಅದು ‘ಹೈವೇ’.

ಹದಿನಾರಿನಿಂದ ಹೊರಟು ನೀವು ನಂಜನಗೂಡಿಗೆ ಹೋದರೂ ಹೈವೇ ಸಿಕ್ಕುತ್ತದೆ, ತಿರುಮಕೂಡಲು ನರಸೀಪುರಕ್ಕೆ ಹೋದರೂ ಹೈವೇ ಸಿಕ್ಕುತ್ತದೆ. ವಿನೋದವೆಂದರೆ ಎರಡೂ ಕಡೆ ಸಿಕ್ಕುವುದು ಒಂದೇ ಹೈವೇ. ಕೋಳಿಕ್ಕೋಡಿನಿಂದ ವಯನಾಡಿನ ಘಟ್ಟ ಹತ್ತಿ, ಗುಂಡ್ಲುಪೇಟೆ, ನಂಜನಗೂಡುಗಳ ಮೇಲೆ ಮೈಸೂರಿಗೆ ಬಂದು, ಅಲ್ಲಿಂದ ಮತ್ತೆ ತಿರುಗಿ ನರಸೀಪುರವನ್ನು ಹಾಯ್ದು ಕೊಳ್ಳೇಗಾಲ ಸೇರುವ ರಸ್ತೆ ಅದು. ಮೊದಲು ಅದರ ಸಂಖ್ಯೆ 212. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಾಗ 766 ಆಯಿತು. ನಕ್ಷೆಯಲ್ಲಿ ನೋಡಿದರೆ ಮೈಸೂರನ್ನು ತುದಿಯಾಗಿ ಮಾಡಿಕೊಂಡು ಕವೆಗೋಲಿನಂತೆ ಎರಡು ಕಡೆ ಇಳಿದಿದೆ. ಆ ಕವೆಯ ನಡುವೆ, ಕಪಿಲೆಯ ಬಯಲಿನಲ್ಲಿ, ನಮ್ಮ ಹದಿನಾರು.

ಈಗ ಆ ಮಾತನ್ನು ಬಿಡಿಸಿ ನೋಡೋಣ. ಹೈ ಎಂದರೆ ಎತ್ತರ, ವೇ ಎಂದರೆ ದಾರಿ. ಆದ್ದರಿಂದ ನೆಲಮಟ್ಟಕ್ಕಿಂತ ಎತ್ತರಿಸಿ ಕಟ್ಟಿದ ದಾರಿ ಎಂದು ಶಾಲೆಯ ಮೇಷ್ಟರೊಬ್ಬರು ನನಗೆ ಹೇಳಿಕೊಟ್ಟಿದ್ದರು. ಬಹುಕಾಲ ನಾನೂ ಅದನ್ನೇ ನಂಬಿದ್ದೆ. ರೋಮನರು ಇಂಗ್ಲೆಂಡಿನಲ್ಲಿ ದಿಬ್ಬ ಹಾಕಿ ರಸ್ತೆ ಮಾಡಿದ್ದರಿಂದ ಈ ಅರ್ಥವನ್ನು ಒಪ್ಪುವವರು ಅಲ್ಲಿಯೂ ಇದ್ದಾರೆ. ಆದರೆ ನಮ್ಮ ಊರಿನ ಹೈಕೋರ್ಟನ್ನು ನೆನೆಯಿರಿ. ಅದು ಎತ್ತರದ ಕೋರ್ಟೇ? ಹೈಸ್ಕೂಲು ಗುಡ್ಡದ ಮೇಲಿನ ಶಾಲೆಯೇ? ಅಲ್ಲಿ ಹೈ ಎಂದರೆ ಮುಖ್ಯವಾದದ್ದು, ಮೇಲಾದದ್ದು. ಇಂಗ್ಲೆಂಡಿನ ಪ್ರತಿಯೊಂದು ಪೇಟೆಯಲ್ಲಿಯೂ ಅಂಗಡಿಗಳ ದೊಡ್ಡ ಬೀದಿಗೆ ಹೈ ಸ್ಟ್ರೀಟ್ ಎಂದೇ ಹೆಸರು. ಅದು ತಗ್ಗಿನಲ್ಲಿದ್ದರೂ ಹೈ ಸ್ಟ್ರೀಟೇ. ಹೈವೇ ಎಂಬುದೂ ಅದೇ ಮನೆಯ ಮಾತು. ಪ್ರಧಾನವಾದ ದಾರಿ.

ಇಲ್ಲಿಗೆ ಮುಗಿದಿದ್ದರೆ ಈ ಲೇಖನವನ್ನು ಬರೆಯುವ ಅಗತ್ಯವಿರಲಿಲ್ಲ. ಆ ದೇಶದ ನ್ಯಾಯಾಲಯಗಳಲ್ಲಿ ಈ ಮಾತಿಗೆ ಬೇರೊಂದು ಅರ್ಥ ಬೆಳೆದು ನಿಂತಿತು. ಆ ಅರ್ಥದಲ್ಲಿ ದೊಡ್ಡತನಕ್ಕೆ ಜಾಗವೇ ಇಲ್ಲ. ಇಂಗ್ಲೆಂಡಿನ ಕಾನೂನಿನಲ್ಲಿ ಹೈವೇ ಎಂದರೆ ಯಾರು ಬೇಕಾದರೂ, ಯಾರ ಅಪ್ಪಣೆಯನ್ನೂ ಬೇಡದೆ, ಹಾದುಹೋಗಬಹುದಾದ ದಾರಿ. ಅಷ್ಟೆ. ಅಗಲ ಎಷ್ಟು, ಡಾಂಬರು ಇದೆಯೇ, ಗಾಡಿ ಹೋಗುತ್ತದೆಯೇ ಎಂಬ ಪ್ರಶ್ನೆಗಳು ಆಮೇಲಿನವು. ಕಾಲ್ದಾರಿ, ಕುದುರೆದಾರಿ, ಗಾಡಿದಾರಿ ಎಂದು ಮೂರು ಬಗೆಯ ಹೈವೇಗಳನ್ನು ಅವರ ನ್ಯಾಯಶಾಸ್ತ್ರ ಎಣಿಸುತ್ತದೆ. ಒಬ್ಬ ಜಮೀನುದಾರನ ಗೋಧಿಯ ಹೊಲದ ನಡುವೆ ಒಬ್ಬರ ಹಿಂದೊಬ್ಬರಂತೆ ಮಾತ್ರ ಹೋಗಬಹುದಾದ ಕಾಲ್ದಾರಿಯಿದ್ದು, ಅದರಲ್ಲಿ ನಡೆಯುವ ಹಕ್ಕು ಸಾರ್ವಜನಿಕರಿಗೆ ಇದ್ದರೆ, ಕೋರ್ಟಿನ ಕಣ್ಣಿಗೆ ಅದು ಹೈವೇ. ನೆಲ ಜಮೀನುದಾರನದೇ ಇರಬಹುದು. ನಡೆಯುವ ಹಕ್ಕು ಊರಿನದು. ಒಮ್ಮೆ ಹೈವೇ ಆದದ್ದು ಎಂದೆಂದಿಗೂ ಹೈವೇಯೇ ಎಂಬುದು ಅಲ್ಲಿನ ವಕೀಲರ ಹಳೆಯ ನಾಣ್ನುಡಿ. ಹತ್ತು ವರ್ಷ ಯಾರೂ ನಡೆಯದೆ ಮುಳ್ಳು ಬೆಳೆದರೂ ಹಕ್ಕು ಸಾಯುವುದಿಲ್ಲ. 1949ರಲ್ಲಿ ಅಲ್ಲಿನ ಪಾರ್ಲಿಮೆಂಟು ಕಾಯಿದೆ ಮಾಡಿ, ಇಂತಹ ಕಾಲ್ದಾರಿಗಳನ್ನೆಲ್ಲ ಗುರುತಿಸಿ ನಕ್ಷೆ ಬರೆಯಿಸಬೇಕೆಂದು ಸ್ಥಳೀಯ ಸಂಸ್ಥೆಗಳಿಗೆ ವಿಧಿಸಿತು.

ಇದಕ್ಕೂ ಹಿಂದೆ ದೊರೆಯ ಹೆಸರು ಆ ಮಾತಿಗೆ ಅಂಟಿಕೊಂಡಿತ್ತು. ನಡುಗಾಲದ ಇಂಗ್ಲೆಂಡಿನಲ್ಲಿ ನಾಲ್ಕು ದೊಡ್ಡ ದಾರಿಗಳಿಗೆ ದೊರೆಯ ಅಭಯವಿತ್ತು. ಆ ದಾರಿಗಳ ಮೇಲೆ ಪಯಣಿಗನನ್ನು ತಡೆದು ಹೊಡೆದರೆ ಅದು ಪಯಣಿಗನಿಗೆ ಮಾಡಿದ ಅಪರಾಧ ಮಾತ್ರವಲ್ಲ, ದೊರೆಗೆ ಮಾಡಿದ ಅಪರಾಧ. ಬರಬರುತ್ತ ಆ ಅಭಯ ಎಲ್ಲ ದಾರಿಗಳಿಗೂ ಹರಡಿತು. ಕಿಂಗ್ಸ್ ಹೈವೇ ಎಂಬ ಮಾತು ಉಳಿಯಿತು. ಕೇಳುವುದಕ್ಕೆ ರಾಜನ ಸ್ವಂತ ರಸ್ತೆ ಎನ್ನಿಸುತ್ತದೆ. ನಿಜದಲ್ಲಿ ಅದು ರಾಜನೂ ಮುಚ್ಚಲಾರದ ರಸ್ತೆ.

ನಮ್ಮಲ್ಲಿ ಏನಿತ್ತು? ಹೈವೇ ಎಂಬುದಕ್ಕೆ ನಾವು ಇಂದು ಹೆದ್ದಾರಿ ಎನ್ನುತ್ತೇವೆ. ಪತ್ರಿಕೆಗಳೂ ಆಕಾಶವಾಣಿಯೂ ಸೇರಿ ಹುಟ್ಟಿಸಿದ ಹೊಸ ಮಾತು ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ಅದು ಬಹಳ ಹಳೆಯ ಜಾತಿಯ ಮಾತು. ಹಿರಿದು ಎಂಬುದು ಸಮಾಸದ ಮೊದಲಲ್ಲಿ ಬಂದರೆ ಹಳಗನ್ನಡದಲ್ಲಿ ‘ಪೆರ್’ ಆಗುತ್ತಿತ್ತು. ಪಕಾರ ಹಕಾರವಾದ ಮೇಲೆ ‘ಹೆರ್’ ಆಗಿ, ಮುಂದಿನ ಅಕ್ಷರದೊಡನೆ ಬೆಸೆದುಕೊಂಡಿತು. ಹೆಮ್ಮರ, ಹೆಜ್ಜೇನು, ಹೆಬ್ಬಾವು, ಹೆಬ್ಬಾಗಿಲು, ಹೆಬ್ಬೆರಳು ಎಲ್ಲವೂ ಒಂದೇ ಬಳ್ಳಿಯ ಕಾಯಿಗಳು. ಕೃಷ್ಣಾ ನದಿಗೆ ನಮ್ಮ ಹಿಂದಿನವರು ಹೆದ್ದೊರೆ ಎಂದರು. ಹದಿನಾರಿನ ಕೆರೆಗೆ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಬಂದಿಳಿಯುವ ಪಟ್ಟೆತಲೆಯ ಹಕ್ಕಿಗಳಿಗೆ ಹೆಬ್ಬಾತು ಎನ್ನುತ್ತಾರಲ್ಲ, ಅದೂ ಇದೇ ಸಾಲಿನದು. (ಅವುಗಳ ದಾರಿಗೆ ಸಂಖ್ಯೆಯಿಲ್ಲ, ಸುಂಕವೂ ಇಲ್ಲ.) ಈ ಹೆ ಎಂಬುದಕ್ಕೆ ಗಾತ್ರದ ಅರ್ಥ ಮಾತ್ರವಲ್ಲ, ಇಂಗ್ಲಿಷಿನ ಹೈ ಎಂಬುದಕ್ಕಿರುವ ಮೇಲುತನದ ಅರ್ಥವೂ ಉಂಟು. ಹೆಗ್ಗಡೆ ಎಂದರೆ ದಪ್ಪ ಮನುಷ್ಯನಲ್ಲ, ಊರಿಗೋ ನಾಡಿಗೋ ಮುಖ್ಯನಾದವನು. ಆದ್ದರಿಂದ ಹೈವೇಯನ್ನು ಹೆದ್ದಾರಿ ಎಂದವರು, ತಿಳಿದೋ ತಿಳಿಯದೆಯೋ, ಅಕ್ಷರ ಅಕ್ಷರಕ್ಕೂ ಸರಿಯಾದ ಮಾತನ್ನೇ ಹಿಡಿದರು.

ದಾರಿಗಿಂತ ಹಳೆಯದು ಬಟ್ಟೆ. ಉಡುವ ಬಟ್ಟೆಯಲ್ಲ, ನಡೆಯುವ ಬಟ್ಟೆ. ಹಳಗನ್ನಡ ಕಾವ್ಯಗಳನ್ನು ಮೊದಲ ಬಾರಿಗೆ ಓದುವ ಹುಡುಗರು ಇಲ್ಲಿ ತಪ್ಪದೆ ಎಡವುತ್ತಾರೆ. ಆ ಬಟ್ಟೆಯ ದೊಡ್ಡದು ಪೆರ್ಬಟ್ಟೆ, ಆಮೇಲೆ ಹೆಬ್ಬಟ್ಟೆ. ದಾನಶಾಸನಗಳಲ್ಲಿ ಭೂಮಿಯ ಎಲ್ಲೆಯನ್ನು ಹೇಳುವಾಗ ಮೂಡಲು ಇಂತಹ ಮರ, ತೆಂಕಲು ಇಂತಹ ಹಳ್ಳ, ಪಡುವಲು ಹೆಬ್ಬಟ್ಟೆ ಎಂಬ ರೀತಿ ಕಾಣುತ್ತದೆ. ನಂಜನಗೂಡು, ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1894ರಲ್ಲಿಯೇ ಅಚ್ಚು ಹಾಕಿಸಿದರು. ಗಂಗರ ತಲಕಾಡು ಇರುವ ಸೀಮೆಯಲ್ಲವೆ, ಕಲ್ಲಿಗೂ ಬರೆಹಕ್ಕೂ ಕೊರತೆಯಿಲ್ಲ. ಮರ ಬೀಳಬಹುದು, ಹಳ್ಳ ಪಾತ್ರ ಬದಲಿಸಬಹುದು, ಹೆಬ್ಬಟ್ಟೆ ಮಾತ್ರ ಕದಲದು ಎಂಬ ನಂಬಿಕೆಯಿಂದಲೇ ಅದನ್ನು ಎಲ್ಲೆಯಾಗಿ ಹಿಡಿದರೆಂದು ತೋರುತ್ತದೆ. ಹೆಬ್ಬಟ್ಟೆಯ ಜೊತೆಗೆ ಹೆಜ್ಜುಂಕವೂ ಇತ್ತು. ಸರಕಿನ ಮೇಲಿನ ದೊಡ್ಡ ಸುಂಕ ಅದು. ಅದನ್ನು ಎತ್ತಲು ಅಧಿಕಾರಿಗಳಿದ್ದರು. ಈಗ ಮೋಟಾರಿನ ಗಾಜಿಗೆ ಫಾಸ್ಟ್‌ಟ್ಯಾಗ್ ಚೀಟಿ ಅಂಟಿಸಿಕೊಂಡು ಸುಂಕದ ಕಟ್ಟೆ ದಾಟುವವರು, ತಾವು ತೆರುತ್ತಿರುವುದು ಹೆಜ್ಜುಂಕವನ್ನೇ ಎಂದು ತಿಳಿದರೆ ಹಣವೇನೂ ಕಡಿಮೆಯಾಗದು. ಆದರೂ ಒಂದು ಹಳೆಯ ನಂಟು ನೆನಪಾಗುತ್ತದೆ.

ಸಂಸ್ಕೃತ ಬಲ್ಲವರಿಗೆ ಹೆದ್ದಾರಿಗಿಂತ ರಾಜಮಾರ್ಗ ಪ್ರಿಯ. ಕನ್ನಡದಲ್ಲಿ ನಮಗೆ ಪೂರ್ಣವಾಗಿ ದೊರೆತಿರುವ ಅತ್ಯಂತ ಹಳೆಯ ಗ್ರಂಥದ ಹೆಸರಿನಲ್ಲಿಯೇ ಅದು ಸೇರಿದೆ: ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’. ಅದನ್ನು ಕವಿರಾಜರ ಮಾರ್ಗ ಎಂದು ಬಿಡಿಸಬೇಕೋ, ಕವಿಗಳಿಗೆ ರಾಜಮಾರ್ಗ ಎಂದು ಬಿಡಿಸಬೇಕೋ ಎಂಬ ಚರ್ಚೆ ಇದೆ. ನನಗೆ ಎರಡನೆಯದೇ ರುಚಿಸುತ್ತದೆ; ಒಬ್ಬ ದೊಡ್ಡ ಕವಿ ಹೋದ ಹಾದಿಗಿಂತ ಎಲ್ಲ ಕವಿಗಳೂ ಹೋಗಬಹುದಾದ ಹಾದಿ ಮೇಲಲ್ಲವೆ?

ರಾಜಮಾರ್ಗದ ಅಗಲವನ್ನು ಕೇಳಬೇಕಾದರೆ ಕೌಟಿಲ್ಯನ ಬಳಿಗೆ ಹೋಗಬೇಕು. ಆತನ ‘ಅರ್ಥಶಾಸ್ತ್ರ’ ಬಹುಕಾಲ ಹೆಸರಾಗಿ ಮಾತ್ರ ಉಳಿದಿತ್ತು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದರ ಓಲೆಯ ಪ್ರತಿಯನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ನಂಜನಗೂಡಿನಿಂದ ಆ ಕಟ್ಟಡ ರೈಲಿನಲ್ಲಿ ಅರ್ಧ ಗಂಟೆಯ ದೂರದ ಊರಿನಲ್ಲಿದೆ ಎಂಬುದು ನಮ್ಮ ಹೆಮ್ಮೆ. ಅದರಲ್ಲಿ ರಾಜಮಾರ್ಗಕ್ಕೆ ಎಂಟು ದಂಡ ಅಗಲ. ಅರಣ್ಯಕ್ಕೆ ಹೋಗುವ ದಾರಿಗೆ ನಾಲ್ಕು ದಂಡ. ಆನೆಯ ದಾರಿಗೆ ಎರಡು. ಕೊನೆಗೆ ಕುರಿಮೇಕೆಗಳೂ ಮನುಷ್ಯರೂ ನಡೆಯುವ ದಾರಿಗೆ ಎರಡೇ ಅರತ್ನಿ, ಎಂದರೆ ಹೆಚ್ಚು ಕಡಮೆ ಎರಡು ಮೊಳ. ಒಂದೇ ಉಸಿರಿನಲ್ಲಿ ಕುರಿಯನ್ನೂ ಮನುಷ್ಯನನ್ನೂ ಹೇಳಿದ್ದಕ್ಕೆ ಬೇಸರ ಪಡಬೇಡಿ. ಆ ಎರಡು ಮೊಳದ ದಾರಿಯನ್ನೂ ಅಳೆದು ಬರೆದಿಟ್ಟನಲ್ಲ, ಅದನ್ನು ಗಮನಿಸಿ. ಅಳತೆ ಇದ್ದ ಕಡೆ ಒತ್ತುವರಿ ಕಷ್ಟ.

ಕಂಪನಿಯವರ ಕಾಲಕ್ಕೆ ಇನ್ನೊಂದು ಇಂಗ್ಲಿಷ್ ಮಾತು ಬಂದಿತು: ಟ್ರಂಕ್ ರೋಡು. ಮರದ ಬೊಡ್ಡೆಯಿಂದ ಕೊಂಬೆಗಳು ಒಡೆಯುವಂತೆ ಯಾವ ರಸ್ತೆಯಿಂದ ಉಳಿದವು ಕವಲೊಡೆಯುತ್ತವೆಯೋ ಅದು ಟ್ರಂಕ್ ರೋಡು. ಉತ್ತರದ ಗ್ರಾಂಡ್ ಟ್ರಂಕ್ ರೋಡು ಲೋಕಪ್ರಸಿದ್ಧ. ನಿಮ್ಮಲ್ಲಿ ಹಿರಿಯರಾದವರು ದೂರದ ಊರಿನ ಬಂಧುವಿನೊಡನೆ ಮಾತನಾಡಲು ಟ್ರಂಕ್ ಕಾಲ್ ಹೇಳಿ ಗಂಟೆಗಟ್ಟಲೆ ಕಾದಿದ್ದರೆ, ಆ ಟ್ರಂಕೂ ಇದೇ. ಪ್ರಯಾಣದ ತಗಡಿನ ಪೆಟ್ಟಿಗೆಗೂ ನಾವು ಟ್ರಂಕು ಎನ್ನುತ್ತೇವೆ. ಆನೆಯ ಸೊಂಡಿಲಿಗೆ ಇಂಗ್ಲಿಷರು ಟ್ರಂಕ್ ಎನ್ನುತ್ತಾರೆ. ಬಂಡೀಪುರದ ಬಳಿ ಟ್ರಂಕ್ ರೋಡಿನಲ್ಲಿ ಟ್ರಂಕನ್ನು ಎತ್ತಿಕೊಂಡು ಅಡ್ಡ ನಿಂತ ಆನೆಯ ಮುಂದೆ, ಟ್ರಂಕುಗಳನ್ನು ಮೇಲೆ ಹೇರಿಕೊಂಡ ಬಸ್ಸು ಹಿಂದೆ ಸರಿಯುವುದನ್ನು ಇಂಗ್ಲಿಷಿನಲ್ಲಿ ವರ್ಣಿಸುವವರು ಜಾಗ್ರತೆಯಾಗಿರಬೇಕು.

ಮೈಸೂರು ಸಂಸ್ಥಾನದ ರಸ್ತೆಗಳ ಕಥೆಯನ್ನು ಪೂರ್ತಿ ಹೇಳಲು ಇಲ್ಲಿ ಸ್ಥಳವಿಲ್ಲ. ನಂಜನಗೂಡಿನಲ್ಲಿ ಕಪಿಲೆಗೆ ದಳವಾಯಿ ದೇವರಾಜಯ್ಯ 1735ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆ ಇಂದಿಗೂ ನಿಂತಿದೆ. 1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದಾಗ ಬೇರೆ ಸೇತುವೆ ಕಟ್ಟದೆ ಇದರ ಮೇಲೆಯೇ ಕಂಬಿ ಹಾಸಿದರು. ಮೀಟರ್ ಗೇಜ್ ಕಾಲದ ಕೊನೆಯವರೆಗೂ ಗಾಡಿಗಳೂ ರೈಲೂ ಒಂದೇ ಸೇತುವೆಯನ್ನು ಹಂಚಿಕೊಂಡವು. ಎತ್ತಿನ ಗಾಡಿಗಾಗಿ ಕಟ್ಟಿದ್ದು ಉಗಿಬಂಡಿಯನ್ನೂ ಹೊತ್ತಿತು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ನನ ಆಡಳಿತದಲ್ಲಿ ಸಂಸ್ಥಾನದಲ್ಲಿ ಸುಮಾರು 1,600 ಮೈಲಿ ರಸ್ತೆ, 300ಕ್ಕೆ ಮೇಲ್ಪಟ್ಟು ಸೇತುವೆಗಳಾದವು. ರಸ್ತೆ ಎಂಬ ಮಾತು ಪಾರಸಿಯಿಂದ ಬಂದದ್ದು. ಬೀದಿ ಸಂಸ್ಕೃತದ ವೀಥಿ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳು ಹರಿಯುವುದು ರಸ್ತೆಯಲ್ಲಲ್ಲ, ರಥಬೀದಿಯಲ್ಲಿ. ಈ ವ್ಯತ್ಯಾಸವನ್ನು ನಮ್ಮ ಕಿವಿ ಯಾರೂ ಹೇಳಿಕೊಡದೆ ಕಲಿತಿದೆ.

ಮೇನ್ ರೋಡು, ಕ್ರಾಸು ಎಂಬ ಜೋಡಿಯ ಕಥೆಯೇ ಬೇರೆ. 1898ರ ಪ್ಲೇಗಿನ ಸುಮಾರಿಗೆ ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದವು. 1903ರಲ್ಲಿ ಮೈಸೂರಿಗೆ ನಗರಾಭಿವೃದ್ಧಿಯ ಟ್ರಸ್ಟ್ ಬೋರ್ಡು ಬಂದಿತು. ನೂಲು ಹಿಡಿದು ಎಳೆದಂತಹ ನೇರ ಬೀದಿಗಳಿಗೆ ಹೆಸರಿಡುವ ಬದಲು ಒಂದನೆಯ ಮೇನ್, ಎರಡನೆಯ ಕ್ರಾಸ್ ಎಂದು ಎಣಿಸುತ್ತ ಹೋಗುವ ರೂಢಿ ಬೆಳೆಯಿತು. ಇಪ್ಪತ್ತು ಮೇನ್‌ಗಳಿದ್ದ ಮೇಲೆ ಅದರಲ್ಲಿ ಮೇನ್ ಯಾವುದು ಎಂದು ಕೇಳಬಾರದು. ಹಳ್ಳಿಗಾಡಿನಲ್ಲಿ ಕ್ರಾಸು ಎಂದರೆ ಊರಿನ ದಾರಿ ಹೆದ್ದಾರಿಗೆ ಕೂಡುವ ಸ್ಥಳ. ಊರು ಎರಡು ಮೈಲಿ ಒಳಗೆ, ಕ್ರಾಸು ಮಾತ್ರ ಬಸ್ಸಿನ ಪಕ್ಕದಲ್ಲಿ. ಹೆಗ್ಗಡದೇವನಕೋಟೆಯ ಬಳಿ ಹ್ಯಾಂಡ್‌ಪೋಸ್ಟ್ ಎಂಬುದೇ ಒಂದು ಊರಿನ ಹೆಸರಾಗಿದೆ. ದಾರಿ ತೋರಿಸಲು ನಿಲ್ಲಿಸಿದ ಕೈಮರದ ಇಂಗ್ಲಿಷ್ ಹೆಸರು ಅದು. ಊರ ಹೆಸರಿನ ಹಲಗೆಗಾಗಿ ನೆಟ್ಟ ಕಂಬವೇ ಊರಾಯಿತು.

ಈಗ ನಾನು ಮೊದಲೇ ಸೂಚಿಸಿದ ತೊಡಕಿಗೆ ಬರುತ್ತೇನೆ. ಹೆದ್ದಾರಿ ಎಂಬ ನಮ್ಮ ಮಾತಿನಲ್ಲಿ ಗಾತ್ರವಿದೆ, ಗೌರವವಿದೆ. ಯಾರು ನಡೆಯಬಹುದು ಎಂಬುದು ಅದರಲ್ಲಿಲ್ಲ. ರಾಜಮಾರ್ಗದಲ್ಲಿಯೂ ಇಲ್ಲ. ಇಂಗ್ಲಿಷಿನ ಹೈವೇಯಲ್ಲಿ ಇದ್ದ ಆ ತಿರುಳು ನಮ್ಮಲ್ಲಿ ಬೇರೊಂದು ಕಡೆ, ಬೇರೊಂದು ಹೋರಾಟದಲ್ಲಿ ಕಾಣಿಸಿಕೊಂಡಿತು.

1924ರ ಮಾರ್ಚಿ 30ರಂದು ತಿರುವಾಂಕೂರಿನ ವೈಕಂನಲ್ಲಿ ಸತ್ಯಾಗ್ರಹ ಆರಂಭವಾಯಿತು. ಬೇಡಿಕೆ ದೇವಸ್ಥಾನದ ಪ್ರವೇಶವಲ್ಲ. ಮಹಾದೇವನ ಗುಡಿಯ ಸುತ್ತಣ ರಸ್ತೆಯಲ್ಲಿ ಎಲ್ಲ ಜಾತಿಯವರೂ ನಡೆಯಬಹುದು ಎಂಬುದಷ್ಟೆ. ನಾಯಿ ನಡೆಯುತ್ತಿತ್ತು, ಹಸು ನಡೆಯುತ್ತಿತ್ತು, ಪರಮತದವರು ನಡೆಯುತ್ತಿದ್ದರು. ಕೆಳಜಾತಿಯವರೆನ್ನಿಸಿಕೊಂಡ ಹಿಂದೂಗಳಿಗೆ ಮಾತ್ರ ಹಲಗೆ ಅಡ್ಡವಿತ್ತು. ಗಾಂಧೀಜಿ ಅಲ್ಲಿಗೆ ಹೋದರು. ಇಪ್ಪತ್ತು ತಿಂಗಳ ತರುವಾಯ ಮೂರು ಕಡೆಯ ರಸ್ತೆಗಳು ತೆರೆದವು. ಪೂರ್ವದ ಬದಿಯದು ಆಗಲೂ ತೆರೆಯಲಿಲ್ಲ. ಅದೇ 1924ರಲ್ಲಿ ಮದರಾಸಿನ ಶಾಸನ ಸಭೆಯಲ್ಲಿ ರೆಟ್ಟಮಲೈ ಶ್ರೀನಿವಾಸನ್ ಅವರು, ಸಾರ್ವಜನಿಕ ರಸ್ತೆ, ಬೀದಿ, ಬಾವಿಗಳು ದಲಿತರಿಗೂ ಉಳಿದವರಂತೆಯೇ ತೆರೆದಿರಬೇಕೆಂಬ ಗೊತ್ತುವಳಿಯನ್ನು ತಂದು ಗೆದ್ದರು. ಇದು ನಮಗೆ ದೂರದ ಸುದ್ದಿಯಲ್ಲ. ನರಸೀಪುರದಿಂದ ಮುಂದೆ ಹೋದರೆ ಸಿಕ್ಕುವ ಕೊಳ್ಳೇಗಾಲ ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರಲ್ಲಿ ತಾನೇ ನಮಗೆ ಬಂದದ್ದು. ಗೊತ್ತುವಳಿ ಕಾಗದದ ಮೇಲೆ ಕೊಳ್ಳೇಗಾಲದವರೆಗೂ ಬಂದಿತ್ತು. ಕಾಗದದಿಂದ ಬೀದಿಗೆ ಇಳಿಯಲು ಎಷ್ಟು ಕಾಲ ಹಿಡಿಯಿತು, ಎಲ್ಲೆಲ್ಲಿ ಇನ್ನೂ ಇಳಿದಿಲ್ಲ ಎಂಬುದನ್ನು ಆಯಾ ಊರಿನ ಬೀದಿಯಲ್ಲಿ ಹುಟ್ಟಿ ಬೆಳೆದವರನ್ನು ಕೇಳಬೇಕು.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ ಹದಿನೈದನೆಯ ವಿಧಿಯನ್ನು ತೆಗೆದು ನೋಡಿ. ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆಗೆ ರಸ್ತೆಯನ್ನೂ ಹೆಸರಿಸಿ, ಸರ್ಕಾರದ ಹಣದಿಂದ ನಡೆಯುವ ಅಥವಾ ಸಾರ್ವಜನಿಕರಿಗೆ ಬಿಟ್ಟುಕೊಟ್ಟ ಇಂತಹ ಸ್ಥಳಗಳಲ್ಲಿ ಜಾತಿ, ಧರ್ಮ, ಲಿಂಗಗಳ ಕಾರಣದಿಂದ ಯಾರನ್ನೂ ತಡೆಯಬಾರದೆಂದು ಅದು ಹೇಳುತ್ತದೆ. ಹೈವೇ ಎಂಬ ಮಾತು ಅಲ್ಲಿಲ್ಲ. ಇಂಗ್ಲೆಂಡಿನ ನ್ಯಾಯಾಧೀಶರು ಹೈವೇ ಎಂದರೆ ಏನೆನ್ನುತ್ತಿದ್ದರೋ ಅದು ಅಲ್ಲಿದೆ.

ಹೈವೇ ಎಂಬ ಮಾತು ಮಾತ್ರ ನಮ್ಮ ದೇಶದಲ್ಲಿ ಬೇರೆ ಕಡೆಗೆ ತಿರುಗಿತು. 1943ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಸೇರಿದ ಮುಖ್ಯ ಇಂಜಿನಿಯರುಗಳು ದೇಶದ ರಸ್ತೆಗಳನ್ನು ರಾಷ್ಟ್ರೀಯ ಹೆದ್ದಾರಿ, ಪ್ರಾಂತೀಯ ಹೆದ್ದಾರಿ, ಜಿಲ್ಲಾ ರಸ್ತೆ, ಗ್ರಾಮ ರಸ್ತೆ ಎಂದು ವರ್ಗ ಮಾಡಿದರು. 1956ರಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಕಾಯಿದೆಯಾಯಿತು. ಅಲ್ಲಿಂದ ಮುಂದೆ ಹೆದ್ದಾರಿ ಎಂದರೆ ಸರ್ಕಾರವು ಗೆಜೆಟ್ಟಿನಲ್ಲಿ ಹೆದ್ದಾರಿ ಎಂದು ಸಾರಿದ ರಸ್ತೆ. ಸಾರುವ ಕೈಗೆ ಅಳಿಸುವುದೂ ಗೊತ್ತು. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳ ಅಂಚಿನಿಂದ 500 ಮೀಟರಿನ ಒಳಗೆ ಮದ್ಯದ ಅಂಗಡಿ ಇರಕೂಡದೆಂದು ತೀರ್ಪು ಕೊಟ್ಟಿತು. ಅಂಗಡಿಗಳನ್ನು ಕದಲಿಸುವುದು ಕಷ್ಟ, ಹೆಸರನ್ನು ಕದಲಿಸುವುದು ಸುಲಭ. 2017ರ ಮಾರ್ಚಿಯಲ್ಲಿ ಚಂಡೀಗಢದ ಆಡಳಿತವು ನಗರದೊಳಗಿನ ಹೆದ್ದಾರಿಗಳನ್ನು ಜಿಲ್ಲಾ ರಸ್ತೆಗಳೆಂದು ಮರುನಾಮಕರಣ ಮಾಡಿತು. ಜುಲೈಯಲ್ಲಿ ಕೋರ್ಟು ಅದಕ್ಕೆ ಅಡ್ಡಿಯಿಲ್ಲವೆಂದಿತು. ಅದೇ ಡಾಂಬರು, ಅದೇ ಲಾರಿಗಳು, ಅದೇ ಬಾಟಲಿಗಳು. ಒಮ್ಮೆ ಹೈವೇ ಆದದ್ದು ಎಂದೆಂದಿಗೂ ಹೈವೇ ಎಂದ ಇಂಗ್ಲಿಷ್ ವಕೀಲನು ಅಲ್ಲಿದ್ದಿದ್ದರೆ ತನ್ನ ಕೋಟನ್ನು ಕಳಚಿಡುತ್ತಿದ್ದನೋ ಏನೋ.

ನಮ್ಮ ಮಗ್ಗುಲಿನಲ್ಲಿಯೇ ಇನ್ನೊಂದು ನಡೆಯಿತು. 2023ರ ಮಾರ್ಚಿ 12ರಂದು ಬೆಂಗಳೂರು–ಮೈಸೂರು ಹೊಸ ರಸ್ತೆಯ ಉದ್ಘಾಟನೆಯಾಯಿತು. ಪತ್ರಿಕೆಗಳು ಅದಕ್ಕೆ ದಶಪಥ ಎಂದು ಸೊಗಸಾದ ಹೆಸರಿಟ್ಟವು. ಆಗಸ್ಟ್ 1ರಿಂದ ಅದರ ನಡುವಣ ಪಥಗಳಲ್ಲಿ ಸ್ಕೂಟರು, ಆಟೋರಿಕ್ಷಾ, ಟ್ರಾಕ್ಟರು, ಎತ್ತಿನ ಗಾಡಿಗಳಿಗೆ ಪ್ರವೇಶವಿಲ್ಲವಾಯಿತು. ಅಪಘಾತಗಳು ಕಂಗೆಡಿಸುವಷ್ಟು ಆಗಿದ್ದುವು. ನಿಷೇಧ ತಪ್ಪೆಂದು ನಾನು ಹೇಳುವುದಿಲ್ಲ. ಮಂಡ್ಯದ ರೈತನಿಗೆ ಪಕ್ಕದ ಸೇವಾ ರಸ್ತೆ ಉಂಟು. ಆದರೆ ಹಳೆಯ ಅರ್ಥದಲ್ಲಿ ನೋಡಿದರೆ ಆ ಬಡ ಸೇವಾ ರಸ್ತೆಯೇ ಹೈವೇ. ನಡುವೆ ಹಾರಿಹೋಗುವ ಹತ್ತಿರದ ರಸ್ತೆಗೆ ಬೇರೆ ಹೆಸರು ಹುಡುಕಬೇಕು. ಇಂಗ್ಲೆಂಡಿನವರು 1958ರಲ್ಲಿ ತಮ್ಮ ಮೊದಲನೆಯ ಅಂತಹ ರಸ್ತೆಯನ್ನು ತೆರೆದಾಗ ಅದನ್ನು ಹೈವೇ ಎಂದು ಕರೆಯದೆ ಮೋಟರ್‌ವೇ ಎಂದು ಕರೆದದ್ದರಲ್ಲಿ ಒಂದು ವಿವೇಕವಿತ್ತು.

ಬಂಡೀಪುರದ ಮಾತು ಇನ್ನೂ ಸೂಕ್ಷ್ಮ. ನಂಜನಗೂಡಿನಿಂದ ಹೋಗುವ ಅದೇ 766 ಕಾಡಿನೊಳಗೆ ಹೊಕ್ಕ ಮೇಲೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚುವ ನಿಯಮ 2009ರಲ್ಲಿ ಬಂದಿತು. ವಯನಾಡಿನವರಿಗೆ ಇದು ಅನ್ಯಾಯವೆಂದು ತೋರುತ್ತದೆ. ತಮ್ಮ ತರಕಾರಿ ಬರುವ ದಾರಿ, ರೋಗಿಗಳು ಮೈಸೂರಿಗೆ ಹೋಗುವ ದಾರಿ. ಆಂಬುಲೆನ್ಸಿಗೂ ಕೆಲವು ಬಸ್ಸುಗಳಿಗೂ ವಿನಾಯಿತಿ ಕೊಟ್ಟು, ಉಳಿದಂತೆ ಕೋರ್ಟು ನಿಷೇಧವನ್ನು ಎತ್ತಿಹಿಡಿಯಿತು. ಎಲ್ಲರಿಗೂ ನಡೆಯುವ ಹಕ್ಕಿರುವ ದಾರಿ ಎಂದಾಗ ಆ ಎಲ್ಲರಲ್ಲಿ ಯಾರು ಯಾರು ಸೇರಿದ್ದಾರೆ? ಕೌಟಿಲ್ಯನಾದರೋ ಆನೆಗೆ ಎರಡು ದಂಡದ ದಾರಿಯನ್ನು ಬರೆದಿಟ್ಟಿದ್ದ.

ದೊಡ್ಡ ರಸ್ತೆಗಳ ಮಾತು ಸಾಕು. ಹದಿನಾರಿನಂತಹ ಊರುಗಳಲ್ಲಿ ಜಗಳವಾಗುವುದು ಹೆದ್ದಾರಿಗಲ್ಲ. ಹೊಲಕ್ಕೆ ಹೋಗುವ ಗಾಡಿದಾರಿಗೆ, ಸ್ಮಶಾನಕ್ಕೆ ಹೋಗುವ ಓಣಿಗೆ. ಒಬ್ಬ ರೈತ ವರ್ಷಕ್ಕೊಂದು ಗೇಣಿನಂತೆ ನೇಗಿಲನ್ನು ದಾರಿಯ ಕಡೆಗೆ ಸರಿಸುತ್ತ ಬರುತ್ತಾನೆ. ಒಂದು ದಿನ ಇನ್ನೊಬ್ಬನ ಕಬ್ಬಿನ ಗಾಡಿ ಒಳಗೇ ಉಳಿಯುತ್ತದೆ. ಆಗ ನಕಾಶೆ ಬೇಕಾಗುತ್ತದೆ. ಸರ್ವೆಯವರ ಹಳೆಯ ಗ್ರಾಮ ನಕಾಶೆಯಲ್ಲಿ ಬಂಡಿದಾರಿಗೂ ಕಾಲುದಾರಿಗೂ ಬೇರೆ ಬೇರೆ ಗೆರೆಗಳುಂಟು. ಆ ನಕಾಶೆಯಲ್ಲಿ ಕಂಡ ದಾರಿಯನ್ನು, ಅದು ಯಾರ ಸರ್ವೆ ನಂಬರಿನೊಳಗೆ ಹಾಯ್ದಿದ್ದರೂ, ಮುಚ್ಚುವಂತಿಲ್ಲ.

ಪಹಣಿಯಲ್ಲಿ ಇದನ್ನು ಹೇಗೆ ಬರೆಯುತ್ತಾರೆಂದು ನಿಮ್ಮಲ್ಲಿ ಜಮೀನು ಉಳ್ಳವರು ಬಲ್ಲಿರಿ. ಒಟ್ಟು ವಿಸ್ತೀರ್ಣದಲ್ಲಿ ಸಾಗುವಳಿಗೆ ಬಾರದ್ದನ್ನು ಖರಾಬು ಎಂದು ಕಳೆಯುತ್ತಾರೆ. ಅದರಲ್ಲಿ ‘ಅ’ ಖರಾಬು ಎಂದರೆ ಬಂಡೆ, ಕಲ್ಲು ಮುಂತಾಗಿ ಬೇಸಾಯಕ್ಕೆ ಒಲ್ಲದ ನೆಲ. ‘ಬ’ ಖರಾಬು ಎಂದರೆ ರಸ್ತೆ, ಕಾಲುದಾರಿ, ಹಳ್ಳ, ಸ್ಮಶಾನ ಮೊದಲಾಗಿ ಸಾರ್ವಜನಿಕರಿಗೆ ಬಿಟ್ಟ ನೆಲ. ಖರಾಬು ಎಂಬ ಮಾತಿನ ಅರ್ಥ ಕೆಟ್ಟದ್ದು, ಪಾಳು ಬಿದ್ದದ್ದು. ಕಂದಾಯ ಕಟ್ಟದ ನೆಲವೆಲ್ಲ ದಫ್ತರದ ಕಣ್ಣಿಗೆ ಕೆಟ್ಟ ನೆಲ ತಾನೆ! ಇಂಗ್ಲಿಷರು ಕಿಂಗ್ಸ್ ಹೈವೇ ಎಂದು ಕಿರೀಟ ಇಟ್ಟ ಹಕ್ಕನ್ನು ನಮ್ಮ ಶಾನುಭೋಗರು ಖರಾಬು ಎಂದು ಒಂದು ಮೂಲೆಯ ಅಂಕಣದಲ್ಲಿ ಗುಂಟೆಗಳಲ್ಲಿ ಬರೆದಿಟ್ಟರು. ಆದರೂ ಬರೆದಿಟ್ಟರು. ಮುಂದಿನ ಸಲ ಪಹಣಿ ತೆಗೆಸಿದಾಗ ಆ ಅಂಕಣವನ್ನು ನೋಡಿ. ನಿಮ್ಮ ಹೊಲದಲ್ಲಿ ನಿಮ್ಮದಲ್ಲದ ಮೂರೋ ನಾಲ್ಕೋ ಗುಂಟೆ ಅಲ್ಲಿರಬಹುದು.